ಶುಗರ್ ಇಳೀತಿಲ್ಲ, ವಸಡಲ್ಲಿ ರಕ್ತ: ಕಡಿಮೆ ಖರ್ಚಲ್ಲಿ ಮೊದಲು ಏನು ಮಾಡಿಸಬೇಕು?

ಶಿರಾ_ಸೀಮೆ (ಪ್ರಶ್ನೆ)

ಅಮ್ಮನಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಮಾತ್ರೆ, ಪಥ್ಯ ಎರಡೂ ಸರಿಯಾಗಿ ನಡೀತಿದ್ರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) 8.7ರಿಂದ ಕೆಳಗೆ ಬರ್ತಿಲ್ಲ. ಹಲ್ಲುಜ್ಜುವಾಗ ರಕ್ತ, ಬಾಯಿ ವಾಸನೆ. ಕೆಳಗಿನ ಮುಂದಿನ ಎರಡು ಹಲ್ಲು ಅಲ್ಲಾಡುತ್ತವೆ, ಒಂದು ದವಡೆ ಹಲ್ಲಿನ ಹತ್ತಿರ ಕೀವು. ಕ್ಲೀನಿಂಗ್, ಎರಡು ರೂಟ್ ಕೆನಾಲ್, ನಾಲ್ಕು ಕ್ಯಾಪ್ ಅಂತ ಕ್ಲಿನಿಕ್‌ನವರು ಪಟ್ಟಿ ಕೊಟ್ಟಿದ್ದಾರೆ. ಅಷ್ಟು ದುಡ್ಡು ಒಂದೇ ಸಲ ಹೊಂದಿಸೋಕಾಗಲ್ಲ. ಬಿಪಿಎಲ್ ಕಾರ್ಡ್ ಇದೆ. ಯಾವುದು ಮೊದಲು, ಯಾವುದು ಆಮೇಲೆ? ಕ್ಲೀನ್ ಮಾಡಿಸಿದ್ರೆ ಇರೋ ಹಲ್ಲೂ ಸಡಿಲ ಆಗುತ್ತೆ ಅಂತಾರೆ, ನಿಜವಾ?

ವಸಡು_ಚಿಕಿತ್ಸೆ

ಮೊದಲು ವಸಡು. ಕ್ಯಾಪ್ ಕಟ್ಟಕಡೆಗೆ.

ವಸಡಿನ ಕಾಯಿಲೆ ಅಂದ್ರೆ ದಿನದ 24 ಗಂಟೆಯೂ ಆರದೇ ಇರೋ ಗಾಯ. ಅಲ್ಲಿಯ ಉರಿಯೂತ ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತೆ. ಅತ್ತ ಸಕ್ಕರೆ ಏರಿದಷ್ಟೂ ವಸಡು ಮಾಯೋದು ನಿಧಾನ. ಎರಡೂ ಒಂದನ್ನೊಂದು ಕೆಡಿಸುತ್ತವೆ. ವಸಡಿನ ಚಿಕಿತ್ಸೆ ಸರಿಯಾಗಿ ಆದ್ರೆ 3–4 ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತೆ. 8.7 ಇದ್ದದ್ದು ಇದೊಂದರಿಂದಲೇ 7ಕ್ಕೆ ಬರಲ್ಲ, ಮಾತ್ರೆ ಬಿಡೋ ಹಾಗಂತೂ ಇಲ್ಲ. ಆದ್ರೆ ನಿಮ್ಮ ಪಟ್ಟಿಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸವೂ ಇದೇ, ಇಡೀ ದೇಹಕ್ಕೆ ಉಪಯೋಗ ಆಗೋದೂ ಇದೇ.

ಹೋದಾಗ "ಪಾಕೆಟ್ ಅಳತೆ ಮಾಡಿ" ಅಂತ ಕೇಳಿ. ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ 1ರಿಂದ 3 ಮಿ.ಮೀ. ಇದ್ರೆ ಸರಿ. 4 ದಾಟಿದ್ರೆ ಮೇಲಿನ ಸ್ಕೇಲಿಂಗ್ (ಮಾಮೂಲಿ ಕ್ಲೀನಿಂಗ್) ಸಾಲದು, ಮರಗಟ್ಟಿಸಿ ಬೇರಿನ ಮೇಲಿನ ಪಾಚಿಯನ್ನೂ ತೆಗೆಯೋ ಡೀಪ್ ಕ್ಲೀನಿಂಗ್ ಬೇಕು. ಬಹಳ ಕಡೆ ತಪ್ಪೋದು ಇಲ್ಲೇ: ಮೇಲ್ಮೇಲೆ ಹೊಳಪು ಮಾಡಿ ಕಳಿಸ್ತಾರೆ, ಒಳಗಿನದು ಹಾಗೇ ಉಳಿಯುತ್ತೆ. 4ರಿಂದ 6 ವಾರ ಬಿಟ್ಟು ಮತ್ತೆ ಅಳೆಸಿ. ಆಮೇಲೆ 3 ತಿಂಗಳಿಗೊಮ್ಮೆ ತೋರಿಸ್ತಾ ಇರಬೇಕು.

ಸಡಿಲ ಆಗೋ ಮಾತು: ಹಲ್ಲು ಹಿಡಿದಿರೋ ಎಲುಬು ಮೊದಲೇ ಕರಗಿರುತ್ತೆ. ಕಲ್ಲಿನಂಥ ಪಾಚಿ ಹಲ್ಲುಗಳನ್ನ ಒಂದಕ್ಕೊಂದು ಅಂಟಿಸಿದ್ದರಿಂದ ಗೊತ್ತಾಗ್ತಿರಲಿಲ್ಲ, ಅಷ್ಟೇ. ತೆಗೆದ ಮೇಲೆ ಊತ ಇಳಿದು ಸಂದಿ ಕಾಣುತ್ತೆ, ಒಂದಷ್ಟು ದಿನ ತಣ್ಣೀರಿಗೆ ಜುಮ್ ಅನ್ನುತ್ತೆ. ಅಲ್ಲಾಡೋ ಆ ಎರಡು ಹಲ್ಲನ್ನ ಈಗಲೇ ಕೀಳಿಸಬೇಡಿ. ಕ್ಲೀನಿಂಗ್ ಆದ ಮೇಲೆ ಎಷ್ಟು ಗಟ್ಟಿ ಆಗುತ್ತವೆ ನೋಡಿ. ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿ ನಿಲ್ಲಿಸೋಕೂ ಆಗುತ್ತೆ.

ಕೀವಿನ ಹಲ್ಲು ಮಾತ್ರ ಕಾಯಬಾರದು. ಎಕ್ಸ್‌ರೇ ತೆಗೆಸಿ. ಕೀವು ವಸಡಿನ ಅಂಚಿಂದ ಬರ್ತಿದ್ರೆ ಕ್ಲೀನಿಂಗ್‌ನಲ್ಲೇ ಹೋಗಬಹುದು. ಬೇರಿನ ತುದಿಯಿಂದ ಆದ್ರೆ ರೂಟ್ ಕೆನಾಲ್, ಇಲ್ಲವೇ ಕೀಳಿಸೋದು. ದುಡ್ಡು ಒಂದಕ್ಕೇ ಸಾಲೋದಾದ್ರೆ ಹಿಂದಿನ ದವಡೆ ಹಲ್ಲು ಕೀಳಿಸಿದ್ರೆ ತಪ್ಪೇನಿಲ್ಲ. ಮೆಡಿಕಲ್ ಶಾಪಲ್ಲಿ ಆಂಟಿಬಯಾಟಿಕ್ ಕೇಳಿ ನುಂಗಿಸಿದ್ರೆ ನೋವು ಇಳಿಯುತ್ತೆ, ಸೋಂಕಿನ ಮೂಲ ಹಾಗೇ ಇರೋದ್ರಿಂದ ಕೀವು ಮತ್ತೆ ಬರುತ್ತೆ.

ಶಿರಾ_ಸೀಮೆ

ತುಂಬಾ ಧನ್ಯವಾದ ಸರ್. ಒಂದು ಬಿಟ್ಟೆ: ಅಮ್ಮ ಎಕೋಸ್ಪ್ರಿನ್ 75 (ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡೋ ಆಸ್ಪಿರಿನ್) ಮತ್ತು ಬಿಪಿಗೆ ಆಮ್ಲೋಡಿಪಿನ್ ತಗೋತಾರೆ. ಕೀಳಿಸೋ ಮುಂಚೆ ಎಕೋಸ್ಪ್ರಿನ್ ನಿಲ್ಲಿಸಬೇಕಾ?

ಔಷಧಿ_ಚೀಟಿ

ಬೇಡ. ಒಂದೆರಡು ಹಲ್ಲು ಕೀಳೋಕೆ ಎಕೋಸ್ಪ್ರಿನ್ ನಿಲ್ಲಿಸಬಾರದು. ಹಲ್ಲಿನ ಜಾಗದ ರಕ್ತವನ್ನ ಹತ್ತಿ ಕಚ್ಚಿಸಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ಬಿಟ್ಟು ಹೃದಯದಲ್ಲೋ ಮಿದುಳಲ್ಲೋ ರಕ್ತ ಹೆಪ್ಪುಗಟ್ಟಿದ್ರೆ ಆ ನಷ್ಟ ತುಂಬೋಕಾಗಲ್ಲ. ವಾರ್ಫರಿನ್ (ರಕ್ತ ಹೆಪ್ಪುಗಟ್ಟೋದನ್ನ ತಡೆಯೋ ಇನ್ನೊಂದು ಮಾತ್ರೆ) ತಗೋಳೋರಿಗೆ ಲೆಕ್ಕ ಬೇರೆ, ಮುಂಚೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋ ಪರೀಕ್ಷೆ) ನೋಡಿಸಲೇಬೇಕು.

ಆಮ್ಲೋಡಿಪಿನ್ ಕೆಲವರಿಗೆ ವಸಡು ಊದಿ ಹಲ್ಲಿನ ಮೇಲೆ ಬೆಳೆಯೋ ಹಾಗೆ ಮಾಡುತ್ತೆ. ಹಾಗೆ ಕಂಡ್ರೆ ಬಿಪಿ ಡಾಕ್ಟರಿಗೆ ತೋರಿಸಿ, ಬೇರೆ ಮಾತ್ರೆಗೆ ಬದಲಿಸ್ತಾರೆ. ನೀವಾಗೇ ನಿಲ್ಲಿಸಬೇಡಿ.

ಚಿಕಿತ್ಸೆ ದಿನ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗಬೇಡಿ. ಮಾತ್ರೆ ತಗೊಂಡು ತಿಂಡಿ ತಿನ್ನದೇ ಸಾಲಲ್ಲಿ ಕೂತ್ರೆ ಸಕ್ಕರೆ ಪೂರಾ ಇಳಿದುಬಿಡಬಹುದು. ಬೆಳಗಿನ ಹೊತ್ತೇ ಹೋಗಿ, ಸಕ್ಕರೆ ಪೊಟ್ಟಣ ಕೈಲಿರಲಿ.

ಕ್ಲೋರ್‌ಹೆಕ್ಸಿಡಿನ್ 0.2% (ಬಾಯಿ ಮುಕ್ಕಳಿಸಿ ಉಗುಳೋ ಔಷಧಿ) ಬರೆದುಕೊಟ್ರೆ 10 ಮಿ.ಲೀ., ಒಂದು ನಿಮಿಷ, ದಿನಕ್ಕೆ ಎರಡು ಸಲ, ಹೆಚ್ಚೆಂದ್ರೆ 2 ವಾರ. ಪೇಸ್ಟಿನ ಬೆನ್ನಿಗೇ ಹಾಕಿದ್ರೆ ಕೆಲಸ ಮಾಡಲ್ಲ, ಅರ್ಧ ಗಂಟೆ ಬಿಡಿ. ತಿಂಗಳುಗಟ್ಟಲೆ ಬಳಸಿದ್ರೆ ಹಲ್ಲು ಕಂದುಗಟ್ಟುತ್ತೆ, ನಾಲಗೆ ರುಚಿ ಕೆಡುತ್ತೆ. ಉಪ್ಪುನೀರು ಸಾಕು ಅನ್ನೋರಿದ್ದಾರೆ: ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಹಾಕಿ ಮುಕ್ಕಳಿಸಿದ್ರೆ ಹಿತ ಅನ್ಸುತ್ತೆ, ಗಟ್ಟಿಯಾದ ಪಾಚಿ ಮಾತ್ರ ಅದರಿಂದ ಬಿಡಲ್ಲ.

ಒಪಿಡಿ_ಸಾಲು

ಖರ್ಚಿನ ದಾರಿ ಹೇಳ್ತೀನಿ. ಮೊದಲು ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯ ದಂತ ವಿಭಾಗ. ಕೀಳೋದು, ಸ್ಕೇಲಿಂಗ್ ಅಲ್ಲೇ ಆದ್ರೆ ಬಸ್ ಚಾರ್ಜೂ ಉಳಿಯುತ್ತೆ. ಡೀಪ್ ಕ್ಲೀನಿಂಗ್‌ಗೆ ದಂತ ಕಾಲೇಜು ಒಳ್ಳೇದು. ಸರ್ಕಾರಿ ಕಾಲೇಜು ಬೆಂಗಳೂರಿನ ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಪಕ್ಕ ಇದೆ; ಬಳ್ಳಾರಿಯಲ್ಲೂ ಒಂದಿದೆ. ಖಾಸಗಿ ದಂತ ಕಾಲೇಜುಗಳಲ್ಲೂ ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳು ಬೇಕಾದ್ದರಿಂದ ದರ ಕ್ಲಿನಿಕ್‌ಗಿಂತ ಕಡಿಮೆ. ಕೆಲಸ ಮೇಷ್ಟ್ರ ಕಣ್ಣೆದುರೇ ನಡೆಯುತ್ತೆ, ಹಾಗಾಗಿ ನಿಧಾನ: ಒಂದು ಸಲಕ್ಕೆ ಅರ್ಧ ಬಾಯಿ, ಎರಡು ಮೂರು ಗಂಟೆ ಹಿಡಿಯುತ್ತೆ. ರೇಷನ್ ಕಾರ್ಡ್, ಆಧಾರ್, ಮಾತ್ರೆ ಚೀಟಿ, ಇತ್ತೀಚಿನ ಶುಗರ್ ರಿಪೋರ್ಟ್ ತಗೊಂಡು ಹೋಗಿ. ಕೇಸ್ ಶೀಟ್ ನಂಬರ್ ಬರೆದಿಟ್ಟುಕೊಳ್ಳಿ, ಕಳೆದ್ರೆ ಮತ್ತೆ ಮೊದಲಿಂದ.

ಮುಂದೆ ಎಲ್ಲಾ ಹಲ್ಲೂ ಹೋದವರಿಗೆ: ಬಿಪಿಎಲ್ ಹಿರಿಯರಿಗೆ ದಂತ ಭಾಗ್ಯ ಯೋಜನೆಯಲ್ಲಿ ಹಲ್ಲು ಸೆಟ್ ಉಚಿತ. ಐದಾರು ಸಲ ಓಡಾಡಬೇಕು. ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸೋ ದಿನ ಮನೆಯವರೊಬ್ಬರು ಜೊತೆಗಿರಿ. ಬಣ್ಣ, ತುಟಿ ಉಬ್ಬು ಏನಾದ್ರೂ ಬದಲಿಸಬೇಕಂದ್ರೆ ಅವತ್ತೇ ಹೇಳಬೇಕು. ಕೊಟ್ಟ ಮೇಲೆ ಒತ್ತಿ ಹುಣ್ಣಾದ್ರೆ ಮನೇಲಿ ಬ್ಲೇಡಲ್ಲಿ ಕೆರೆಯಬೇಡಿ, ಅಲ್ಲೇ ಹೋಗಿ ಸವೆಸಿಕೊಂಡು ಬನ್ನಿ.

ವಸಡು_ಚಿಕಿತ್ಸೆ

ಮೇಲಿನದಕ್ಕೆ ಎರಡು ಸೇರಿಸ್ತೀನಿ. ಎಚ್‌ಬಿಎ1ಸಿಯನ್ನ ಕ್ಲೀನಿಂಗ್ ಮುಗಿದು 3 ತಿಂಗಳಾದ ಮೇಲೆ ನೋಡಿಸಿ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದಕ್ಕೂ ಬೇಗ ಮಾಡಿಸಿದ್ರೆ ವ್ಯತ್ಯಾಸ ಪೂರ್ತಿ ಕಾಣಲ್ಲ. ಇನ್ನೊಂದು, ಆ ಕೀವಿನ ಹಲ್ಲಿಂದ ದವಡೆ ಕೆಳಗೆ ಗಟ್ಟಿ ಊತ, ಜ್ವರ, ಬಾಯಿ ತೆರೆಯೋಕೆ ಅಥವಾ ಎಂಜಲು ನುಂಗೋಕೆ ಕಷ್ಟ ಶುರುವಾದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಊತ ಗಂಟಲಿಗೆ ಇಳಿದು ಉಸಿರು ಕಟ್ಟುತ್ತೆ. ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ರಾತ್ರಿಯಾದ್ರೆ 108ಕ್ಕೆ ಫೋನ್ ಮಾಡಿ.