ಪಾರ್ಕಿನಲ್ಲಿ ಹತ್ತು ದಿನದ ಕಲಾ ಪ್ರದರ್ಶನ: ಈ ಸಲ ಮಕ್ಕಳ ಕೈಗೆ ಹೊಡೆಯದೆ ಮಾಡೋಕೆ ಆಗುತ್ತಾ?

ಡ್ರಾಯಿಂಗ್ ಟೀಚರ್, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ 22 ವರ್ಷದಿಂದ ಚಿತ್ರಕಲೆ ಕಲಿಸುತ್ತಿದ್ದೇನೆ. ಬರುವ ಜನವರಿಯಲ್ಲಿ ನಮ್ಮ ಕಾಲೊನಿ ಪಾರ್ಕಿನಲ್ಲಿ ಹತ್ತು ದಿನ ಮಕ್ಕಳು ಮಾಡಿದ ಕಲಾಕೃತಿಗಳನ್ನು ಇಡಬೇಕು ಅಂತ ಆಸೆ. ಪ್ರಶ್ನೆ ಕೇಳುವ ಮೊದಲು ಹೋದ ಸಲದ ಪುರಾಣ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಅದನ್ನೇ ಮಾಡಿ ಅಂತೀರಿ, ನಾನು ಅದನ್ನೇ ಮಾಡುತ್ತೇನೆ.

ಮೂರು ವರ್ಷದ ಹಿಂದೆ, ದಸರಾ ರಜೆಯಲ್ಲಿ, ಐದು ದಿನ ಇಟ್ಟಿದ್ದೆವು. ಮಕ್ಕಳು ರದ್ದಿ ಪೇಪರ್ ನೆನೆಸಿ, ಮೆಂತ್ಯ ರುಬ್ಬಿ ಹಾಕಿ, ಅಜ್ಜಿಯಂದಿರು ಬುಟ್ಟಿ ಮಾಡುತ್ತಿದ್ದ ಹಾಗೆಯೇ, ಒಂದು ದೊಡ್ಡ ನವಿಲು ಮಾಡಿದ್ದರು. ನಮಗೆ ಇದ್ದದ್ದು ಮಳೆಯ ಭಯ. ಮಳೆ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಮಾಲಿ ಎಂದಿನಂತೆ ಪೈಪ್ ಹಿಡಿದು ಹುಲ್ಲಿಗೆ ನೀರು ಬಿಟ್ಟರು. ಅವರಿಗೆ ನಾವು ಒಂದು ಮಾತೂ ಹೇಳಿರಲಿಲ್ಲ. ಒಂಬತ್ತಕ್ಕೆ ನಾನು ಹೋಗಿ ನೋಡಿದರೆ ನವಿಲು ಉಪ್ಪಿಟ್ಟಿನ ಮುದ್ದೆ ಆಗಿತ್ತು. ಕೊಕ್ಕು ಮಾತ್ರ ಗಟ್ಟಿ ಇತ್ತು.

ಉದ್ಘಾಟನೆಗೆ ನಮ್ಮ ಪೈಕಿ ಒಬ್ಬರು ಫ್ಲೆಕ್ಸ್ ಮಾಡಿಸಿ ತಂದರು. 2016ರಲ್ಲೇ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧ ಆಗಿದೆ ಅಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಅದನ್ನು ಬೇವಿನ ಮರಕ್ಕೆ ನಾಲ್ಕು ಮೊಳೆ ಹೊಡೆದು ನಿಲ್ಲಿಸಿದರು. ಫ್ಲೆಕ್ಸ್ ಹೋಯಿತು, ಎರಡು ಮೊಳೆ ಇನ್ನೂ ಮರದಲ್ಲೇ ಇವೆ. ವಾಕಿಂಗ್ ಹೋದಾಗೆಲ್ಲ ಕಣ್ಣಿಗೆ ಬೀಳುತ್ತವೆ.

ಆದರೆ ಮನಸ್ಸಿನಲ್ಲಿ ಉಳಿದದ್ದು ಎತ್ತುಗಳ ಕಥೆ. ಏಳನೇ ಕ್ಲಾಸಿನವರು ನಲವತ್ತು ಮಣ್ಣೆತ್ತು ಮಾಡಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ನಾನೇ ದಪ್ಪ ಅಕ್ಷರದಲ್ಲಿ ‘ಮುಟ್ಟಬೇಡಿ’ ಅಂತ ಬರೆದು ಹಚ್ಚಿದೆ. ಕಾಯೋಕೆ ಒಬ್ಬನನ್ನು ಇಟ್ಟೆವು, ಕೈಗೆ ಸೀಟಿ ಕೊಟ್ಟೆವು. ಎರಡನೇ ದಿನ ಸಂಜೆ ನಾಲ್ಕೈದು ವರ್ಷದ ಒಂದು ಹುಡುಗಿ ಎತ್ತಿನ ಬೆನ್ನು ಸವರಿತು. ಅವನು ಪಟ್ಟಂತ ಕೈ ಮೇಲೆ ಹೊಡೆದ. ಹುಡುಗಿ ಅಳಲಿಲ್ಲ. ನನ್ನ ಕಡೆ ನೋಡಿತು. ನಾನು ಪಕ್ಕದಲ್ಲೇ ಇದ್ದೆ, ಏನೂ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಂದರೆ ಎತ್ತುಗಳ ಅರ್ಧಕ್ಕರ್ಧ ಕೋಡು ಮುರಿದಿವೆ. ಸಿಟ್ಟು ನೆತ್ತಿಗೇರಿತು. ಹತ್ತಿರ ಹೋದೆ. ಒಂದೊಂದು ಎತ್ತಿನ ಬಾಯಿ ಮುಂದೆಯೂ ಒಂದಿಷ್ಟು ಹುಲ್ಲು ಕಿತ್ತು ಇಟ್ಟಿದ್ದರು. ಯಾರೋ ರಾತ್ರಿ ಬಂದು ಮೇಯಿಸಿದ್ದರು!

ಈಗ ಕೇಳುತ್ತೇನೆ. ಈ ಸಲ ಹಳೆ ಕೌದಿಗಳನ್ನು ತೂಗುಹಾಕಬೇಕು ಅಂತಿದೆ. ಮರಕ್ಕೆ ಮೊಳೆ ಇಲ್ಲದೆ, ಗಾಳಿಗೆ ಬೀಳದ ಹಾಗೆ ಹೇಗೆ ಕಟ್ಟೋದು? ಹುಲ್ಲು ಹಾಳಾಗದೆ ಇರುತ್ತಾ? ಮಣ್ಣಿನ ಕೆಲಸವನ್ನು ಜನ ಮುಟ್ಟೋಕೆ ಬಿಟ್ಟರೆ ಎಷ್ಟು ದಿನ ಬಾಳುತ್ತೆ? ಆರ್ಟ್ ಗ್ಯಾಲರಿ ಕಂಡವರಿಗಿಂತ ಕೈಕೆಲಸ ಕಂಡವರು ಹೇಳಿದರೆ ಒಳ್ಳೆಯದು.

ಪೆಂಡಾಲ್ ಕೆಲಸ, ಹುಬ್ಬಳ್ಳಿ

ಅಕ್ಕಾರ, ನಾನು ಓದಿದ್ದು ಕಡಿಮೆ. ಆದರೆ ಗಣಪತಿ ಪೆಂಡಾಲು, ಮದುವೆ ಪೆಂಡಾಲು ಕಟ್ಟಿ ಹದಿನೆಂಟು ವರ್ಷ ಆಯ್ತು.

ಮೊದಲನೇ ಮಾತು, ಪಾರ್ಕಿನಲ್ಲಿ ಹಾರಿ ಹಾಕಿ ಕುಣಿ ತೋಡಲೇಬೇಡಿ. ಕೆಳಗೆ ನೀರಿನ ಪೈಪ್ ಇರುತ್ತೆ, ಲೈಟಿನ ಕೇಬಲ್ ಇರುತ್ತೆ. ನಾನು ಒಂದು ಸಲ ಕೇಬಲ್ ಕಡಿದು ಇಡೀ ಪಾರ್ಕು ಕತ್ತಲೆ ಮಾಡಿದ್ದೇನೆ, ಬೈಗುಳ ತಿಂದು ಕಲಿತ ಮಾತಿದು. ಮೂರು ಬೊಂಬು ಮೇಲೆ ಕೂಡಿಸಿ ಕಟ್ಟಿ, ಕಾಲು ಅಗಲ ಮಾಡಿ ನಿಲ್ಲಿಸಿ. ಅಂಥ ಎರಡರ ಮೇಲೆ ಒಂದು ಅಡ್ಡ ಬೊಂಬು. ಪ್ರತಿ ಕಾಲಿಗೆ ಉಸುಕು ತುಂಬಿದ ಸಿಮೆಂಟ್ ಚೀಲ. ತುಂಬಾ ತುಂಬಿದರೆ ಒಂದು ಚೀಲ 50 ಕಿಲೋ ಹತ್ತಿರ ಬರುತ್ತೆ. ಕಣ್ಣಿಗೆ ಚಂದ ಕಾಣಲ್ಲ ಅಂದರೆ ಮೇಲೆ ತಟ್ಟು ಹೊದಿಸಿ.

ಕೌದಿ ಭಾರ ಇರುತ್ತೆ, ಅದು ಒಳ್ಳೆಯದೇ. ಮೇಲೆ ಮಾತ್ರ ಕಟ್ಟಿ, ಕೆಳಗೆ ಬಿಡಿ. ನಾಲ್ಕೂ ಮೂಲೆ ಬಿಗಿದರೆ ಹಡಗಿನ ಹಾಯಿ ಆಗುತ್ತೆ, ಬೊಂಬನ್ನೇ ಎತ್ತಿ ಒಗೆಯುತ್ತೆ. ಬ್ಯಾನರಿಗೆ ತೂತು ಕೊಯ್ಯುತ್ತಾರಲ್ಲ, ಅದರಿಂದ ಬಹಳ ಪ್ರಯೋಜನ ಇಲ್ಲ. ಒಂದು ದೊಡ್ಡ ತುಂಡಿಗಿಂತ ನಾಲ್ಕು ಸಣ್ಣವು ಲೇಸು. ಜನವರಿಯಲ್ಲಿ ಮೂಡಗಾಳಿ ಜಾಸ್ತಿ. ಕೌದಿಯ ಮುಖವನ್ನು ಮೂಡಣಕ್ಕೆ ಕೊಡಬೇಡಿ, ಅಂಚು ಕೊಡಿ.

ಇನ್ನೊಂದು. ಯಾರೋ ಒಬ್ಬ ದೊಡ್ಡ ಹುಡುಗ ಆ ಅಡ್ಡ ಬೊಂಬಿಗೆ ಜೋತು ಬಿದ್ದೇ ಬೀಳುತ್ತಾನೆ. ಬೋರ್ಡ್ ಬರೆದು ತಡೆಯೋಕೆ ಆಗಲ್ಲ. ಬೀಳ್ತಾನೆ ಅಂತ ತಿಳಿದೇ ಕಟ್ಟಿ. ಕಟ್ಟಿದ ಮೇಲೆ ಮೊದಲು ನೀವೇ ಜೋತು ಬಿದ್ದು ನೋಡಿ. ನೀವು ಅಂದರೆ, ನಿಮ್ಮ ಮನೆಯವರನ್ನ ಕರೀರಿ.

ಗದಗಿನವ

ನಾನೊಂದು ಬೇರೆ ಮಾತು ಹೇಳಲಾ? ಪಾರ್ಕಿನಲ್ಲಿ ಕುಡಿಯೋಕೆ ನೀರಿರಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯ ಇರಲ್ಲ, ಜೋಕಾಲಿ ಸರಪಳಿ ಕಡಿದಿರುತ್ತೆ. ಅಲ್ಲಿ ಹತ್ತು ದಿನ ಕೌದಿ ಕಟ್ಟಿದರೆ ಯಾರಿಗೆ ಏನು ಬಂತು? ಅದೇ ದುಡ್ಡಿಗೆ ಜೋಕಾಲಿ ರಿಪೇರಿ ಮಾಡಿಸಿ.

ಡ್ರಾಯಿಂಗ್ ಟೀಚರ್, ಧಾರವಾಡ

ಸರ್, ನೀವು ಹೇಳಿದ್ದು ಸುಳ್ಳಲ್ಲ. ನಮ್ಮ ಪಾರ್ಕಿನ ಒಂದು ಜೋಕಾಲಿ ಎರಡು ವರ್ಷದಿಂದ ಒಂದೇ ಸರಪಳಿಯಲ್ಲಿ ನೇತಾಡುತ್ತಿದೆ. ಆದರೆ ನಮ್ಮ ಖರ್ಚು ಸುತಳಿ, ಬಾಡಿಗೆ ಬೊಂಬು, ಮಕ್ಕಳಿಗೆ ಅವಲಕ್ಕಿ, ಅಷ್ಟೇ. ಅದರಲ್ಲಿ ಶೌಚಾಲಯ ಆಗಲ್ಲ. ಜೋಕಾಲಿ ಸರಪಳಿ ಮಾತ್ರ ಈ ಸಲದ ಪಟ್ಟಿಗೆ ಸೇರಿಸಿಕೊಂಡೆ. ಥ್ಯಾಂಕ್ಸ್, ವ್ಯಂಗ್ಯಕ್ಕಲ್ಲ.

ಹುಬ್ಬಳ್ಳಿ ಬಿಟ್ಟು ಬಹಳ ದಿನ ಆದವ, ನ್ಯೂಜೆರ್ಸಿ

ಪೆಂಡಾಲ್ ಅಣ್ಣಾರ ಮಾತು ಓದಿ ಒಂದು ನೆನಪಾಯಿತು. 2005ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ‘ದಿ ಗೇಟ್ಸ್’ ಅಂತ ಒಂದು ಕಲಾಕೃತಿ ಇಟ್ಟಿದ್ದರು. ಕ್ರಿಸ್ಟೋ ಮತ್ತು ಜೀನ್ ಕ್ಲಾಡ್ ಎಂಬ ದಂಪತಿಯ ಕೆಲಸ. ಕಾಲುದಾರಿಗಳ ಉದ್ದಕ್ಕೂ 7,503 ಚೌಕಟ್ಟು, ಒಂದೊಂದರಿಂದಲೂ ಕಾವಿ ಬಣ್ಣದ ಬಟ್ಟೆ ಇಳಿಬಿಟ್ಟಿದ್ದರು. ಸುತ್ತ ಹಿಮ, ಎಲೆ ಉದುರಿದ ಮರ, ನಡುವೆ ಈ ಕಾವಿ. ನನಗಂತೂ ಸಿದ್ಧಾರೂಢ ಮಠದ ಜಾತ್ರೆ ಕಣ್ಣಿಗೆ ಕಟ್ಟಿತು. ಜೊತೆಗಿದ್ದವರಿಗೆ ವಿವರಿಸೋಕೆ ಹೋಗಿ ಸೋತೆ.

ನಾನು ಹೇಳಬೇಕಾದದ್ದು ಬೇರೆ. ಅಷ್ಟು ದೊಡ್ಡ ಕೆಲಸಕ್ಕೆ ಅವರೂ ನೆಲದಲ್ಲಿ ಒಂದು ಕುಣಿ ತೋಡಲಿಲ್ಲ. ಪ್ರತಿ ಕಂಬದ ಬುಡಕ್ಕೆ ಭಾರದ ಉಕ್ಕಿನ ದಿಮ್ಮಿ, ಅದು ಡಾಂಬರು ದಾರಿಯ ಮೇಲೆ ಸುಮ್ನೆ ಕೂತಿತ್ತು. ನಿಮ್ಮ ಉಸುಕಿನ ಚೀಲದ ಲೆಕ್ಕವೇ ಅಣ್ಣಾರ. ಬಟ್ಟೆಯ ಕೆಳಗಿನ ಅಂಚನ್ನೂ ಬಿಟ್ಟೇ ಇದ್ದರು. ಗಾಳಿಗೆ ಮೇಲೆ ಸುತ್ತಿಕೊಂಡರೆ ಬಿಡಿಸೋಕೆ ಕೆಲಸದವರ ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ಟೆನಿಸ್ ಚೆಂಡು, ಬಟ್ಟೆ ಹರಿಯಬಾರದು ಅಂತ. ಹದಿನಾರು ದಿನ ಇತ್ತು, ಆಮೇಲೆ ಪೂರ್ತಿ ತೆಗೆದರು. ಸಾಮಾನೆಲ್ಲ ಮರುಬಳಕೆಗೆ ಹೋಯಿತು.

ಪರ್ಮಿಷನ್ ತಡ ಆದರೆ ಬೇಸರ ಮಾಡಿಕೊಳ್ಳಬೇಡಿ. ಅವರು ಯೋಚನೆ ಮಾಡಿದ್ದು 1979ರಲ್ಲಿ. 1981ರಲ್ಲಿ ನಗರದವರು ಆಗಲ್ಲ ಅಂದರು. ಒಪ್ಪಿದ್ದು 2003ರಲ್ಲಿ! ನೋಡಲು ಬಂದವರಿಗೆ ಆ ಬಟ್ಟೆಯ ಸಣ್ಣ ಸಣ್ಣ ತುಂಡು ಕೊಡುತ್ತಿದ್ದರು. ನನ್ನದು ಇನ್ನೂ ಪಾಸ್‌ಪೋರ್ಟ್ ಇಡುವ ಡಬ್ಬಿಯಲ್ಲಿದೆ.

ತೋಟದ ಕೆಲಸ ಮಾಡಿ ನಿವೃತ್ತ, ಹಾವೇರಿ

ತಂಗೀ, ಆ ಮೊಳೆಗಳ ಬಗ್ಗೆ ಮೊದಲು. ಹೊರಗೆ ಚಾಚಿಕೊಂಡಿದ್ದರೆ ನಿಧಾನಕ್ಕೆ ಕಿತ್ತು ತೆಗೆಯಿರಿ. ತೊಗಟೆ ಬೆಳೆದು ಮುಚ್ಚಿದ್ದರೆ ಬಿಟ್ಟುಬಿಡಿ, ಅಗೆದರೆ ಗಾಯ ದೊಡ್ಡದಾಗುತ್ತೆ. ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯೋದು ತೊಗಟೆಯ ಒಳಮೈಯಲ್ಲಿ. ಅದಕ್ಕೇ ತಂತಿ ಬಿಗಿದು ವರ್ಷಗಟ್ಟಲೆ ಬಿಟ್ಟರೆ ಮರ ಸೊರಗುತ್ತೆ. ಹತ್ತು ದಿನಕ್ಕೆ ಹಗ್ಗ ಕಟ್ಟಲೇಬೇಕಾದರೆ ಕೆಳಗೆ ತಟ್ಟು ಮಡಚಿ ಇಡಿ. ಹನ್ನೊಂದನೇ ದಿನ ಬಿಚ್ಚಿ. ಬಿಚ್ಚೋದು ಮರೆಯುತ್ತಾರೆ, ಅದೇ ನಮ್ಮ ಊರುಗಳ ಮುಖ್ಯ ರೋಗ.

ಹುಲ್ಲಿನ ಮೇಲೆ ಹಲಗೆ, ತಾಡಪಾಲು ಹಾಸಿದರೆ ಕೆಲವೇ ದಿನಕ್ಕೆ ಹಳದಿ ಆಗುತ್ತೆ. ಬಿಸಿಲು ಬೇಕಲ್ಲ ಅದಕ್ಕೆ. ಕಾಲಿರುವ ಮೇಜಿನ ಮೇಲೆ ಇಡಿ, ಎರಡು ದಿನಕ್ಕೊಮ್ಮೆ ಒಂದು ಮಾರು ಸರಿಸಿ. ಅದಕ್ಕಿಂತ ಸುಲಭ ಅಂದರೆ ಹುಲ್ಲೇ ಇಲ್ಲದ ಜಾಗ ಹುಡುಕಿ, ನಮ್ಮ ಪಾರ್ಕುಗಳಲ್ಲಿ ಅದಕ್ಕೇನು ಬರ?

ಬಣ್ಣದ ಡಬ್ಬಿ, ಸುಣ್ಣ, ಸಿಮೆಂಟು ತೊಳೆದ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಬಣ್ಣ ಹಚ್ಚದ ಬರೀ ಮಣ್ಣಾದರೆ ಕೊನೆಗೆ ಅಲ್ಲೇ ಹೂವಿನ ಮಡಿಗೆ ಹಾಕಿ, ತೊಂದರೆ ಇಲ್ಲ.

ನಮ್ಮ ಶಿಗ್ಗಾವಿ ಕಡೆ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ್ ಕಟ್ಟಿದ ರಾಕ್ ಗಾರ್ಡನ್ ನೋಡಿರಬೇಕಲ್ಲ. ಸಿಮೆಂಟಿನ ಒಕ್ಕಲಿಗ, ಸಿಮೆಂಟಿನ ಎತ್ತು, ಥೇಟ್ ಜೀವ ಇದ್ದಂಗೆ. ಅದು ಉಳಿಯಬೇಕು ಅಂತ ಕಟ್ಟಿದ್ದು, ಅದರ ಲೆಕ್ಕ ಬೇರೆ. ನಿಮ್ಮದು ಹೋಗಬೇಕು ಅಂತಲೇ ಮಾಡೋದು. ಹಾಗಾಗಿ ಅರ್ಜಿ ಬರೆಯುವಾಗ ಉದ್ಘಾಟನೆಯ ದಿನಕ್ಕಿಂತ ಮೊದಲು ತೆಗೆಯುವ ದಿನ ಬರೆಯಿರಿ. ಯಾರು ತೆಗೆಯುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ, ಅದನ್ನೂ. ನಾನು ಆ ಕಡೆ ಕುರ್ಚಿಯಲ್ಲಿ ಕೂತಿದ್ದಾಗ ಅಂಥ ಅರ್ಜಿ ಬಂದಿದ್ದರೆ ಅವತ್ತೇ ಮೇಲೆ ಕಳಿಸುತ್ತಿದ್ದೆ. ಒಂದೂ ಬರಲಿಲ್ಲ.

ಮಾಲಿಗೆ ಮೊದಲು ಹೇಳಿ. ಅಧ್ಯಕ್ಷರಿಗೆ ಆಮೇಲೆ.

ಬೆಟಗೇರಿಯ ಅಕ್ಕ

ಮಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬರೀ ಎರೆಮಣ್ಣಾದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತೆ, ಬ್ಯಾಸಿಗೆ ಹೊಲ ನೋಡಿಲ್ವಾ, ಹಂಗೆ. ಹತ್ತಿ ಎಳೆ ಎಳೆಯಾಗಿ ಬಿಡಿಸಿ ಹಾಕಿ, ಇಲ್ಲವೇ ಸಣ್ಣ ಹೊಟ್ಟು ಕಲಸಿ ಒಂದು ರಾತ್ರಿ ಬಿಡಿ. ಕೋಡಿನೊಳಗೆ ಒಂದು ಜೋಳದ ಕಣಿಕೆ ಸಿಬಿರು ಇಡಿ, ಲಗೂನ ಮುರಿಯಲ್ಲ. ನೆರಳಲ್ಲಿ ಒಣಗಿಸಿ.

ಆದರೂ ಮುರಿಯುತ್ತೆ ಅಂತಿಟ್ಟುಕೊಳ್ಳಿ. ಮುರಿದರೆ ಏನಾಯ್ತವ್ವ? ನಮ್ಮಲ್ಲಿ ವರ್ಷಕ್ಕೆ ಐದು ಸಲ ಮಣ್ಣು ಮನೆಗೆ ಬರುತ್ತೆ. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಒಂದನ್ನಾದರೂ ಇಟ್ಟುಕೊಂಡಿದ್ದೇವಾ? ಆಷಾಢದ ಮಂಗಳವಾರ ಗುಳ್ಳವ್ವನ ಮಾಡುವಾಗ ನಮ್ಮವ್ವ ಯಾವತ್ತೂ ‘ಮುಟ್ಟಬ್ಯಾಡ’ ಅನ್ನಲಿಲ್ಲ. ಸರಿಯಾಗಿ ಮುಟ್ಟು ಅಂತಿದ್ದಳು. ಗುಲಗಂಜಿ ಕೈಗೆ ಕೊಟ್ಟು ಕಣ್ಣು ನೀನೇ ಇಡು ಅಂತಿದ್ದಳು.

ಡ್ರಾಯಿಂಗ್ ಟೀಚರ್, ಧಾರವಾಡ

ಅಕ್ಕಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 22 ವರ್ಷ ಕಲಿಸಿದವಳಿಗೆ ಇದು ಹೊಳೆಯಲಿಲ್ಲವಲ್ಲ.

ನಿನ್ನೆ ಸಂಜೆ ಪಾರ್ಕಿಗೆ ಹೋಗಿ ಮಾಲಿಯವರ ಹತ್ತಿರ ಮಾತಾಡಿದೆ. ನವಿಲಿನ ವಿಷಯ ಅವರಿಗೂ ನೆನಪಿದೆ. ‘ನಾನೇ ಕೊಂದೆ ಅಂತ ಎಲ್ಲರೂ ಬೈದ್ರಿ, ಮೊದಲು ಹೇಳಿದವರು ಒಬ್ಬರೂ ಇಲ್ಲ’ ಅಂದರು. ಕ್ಷಮೆ ಕೇಳಿದೆ. ಆಗ್ನೇಯ ಮೂಲೆಯ ಖಾಲಿ ಜಾಗ ಅವರೇ ತೋರಿಸಿದರು. ಅಲ್ಲಿ ಹುಲ್ಲಿಲ್ಲ, ಪೈಪಿನ ನೀರೂ ಬೀಳಲ್ಲ. ಮೊಳೆ ನೋಡಿದೆವು. ಒಂದು ಕೈಯಲ್ಲೇ ಅಲ್ಲಾಡಿ ಬಂತು. ಇನ್ನೊಂದನ್ನು ಮರ ನುಂಗಿದೆ, ಹಿರಿಯರು ಹೇಳಿದಂತೆ ಬಿಟ್ಟೆ.

ಅರ್ಜಿ ಬರೆದಾಯಿತು. ಮೊದಲ ಸಾಲೇ ತೆಗೆಯುವ ದಿನ. ಬನದ ಹುಣ್ಣಿಮೆ ಹಿಂದೆಮುಂದೆ ಇಟ್ಟುಕೊಳ್ಳೋಣ ಅಂತ ಮಾಡಿದ್ದೇವೆ. ಸೀಟಿಯವನಿಲ್ಲ, ಬೋರ್ಡಿಲ್ಲ. ಎತ್ತುಗಳ ಪಕ್ಕ ಒಂದು ಹಳೆ ಬುಟ್ಟಿಯಲ್ಲಿ ಹದ ಮಾಡಿದ ಎರೆಮಣ್ಣು, ಒಂದು ತಂಬಿಗೆ ನೀರು, ಕೈ ಒರೆಸಲು ಬಟ್ಟೆ. ಮುರಿದವರು ಬೇಕಾದರೆ ಕೋಡು ಹಚ್ಚಲಿ, ಇಲ್ಲದಿದ್ದರೆ ಹೊಸ ಎತ್ತು ಮಾಡಿ ಸಾಲಿಗೆ ಇಡಲಿ. ನಲವತ್ತರಿಂದ ಶುರು ಮಾಡುತ್ತೇವೆ. ಹತ್ತನೇ ದಿನ ಎಷ್ಟಿರುತ್ತವೆ ಅಂತ ಮಕ್ಕಳು ಈಗಲೇ ಪಂದ್ಯ ಕಟ್ಟುತ್ತಿದ್ದಾರೆ.

ಪೆಂಡಾಲ್ ಅಣ್ಣಾರ, ಜೋತು ಬೀಳೋಕೆ ನಮ್ಮ ಪಿ.ಟಿ. ಸರ್ ಒಪ್ಪಿದ್ದಾರೆ. 84 ಕಿಲೋ. ಕಾಲಿಗೆ ಒಂದೊಂದು ಚೀಲ ಸಾಕಾ, ಎರಡೆರಡು ಬೇಕಾ?

ಪೆಂಡಾಲ್ ಕೆಲಸ, ಹುಬ್ಬಳ್ಳಿ

ಎರಡೆರಡು. ಮತ್ತೆ ಸರ್‌ಗೆ ಅವತ್ತು ನಾಷ್ಟಾ ಕಡಿಮೆ ಮಾಡೋಕೆ ಹೇಳ್ರಿ.