ಸಮಸ್ಯೆ: ನಡುವಗಲ ಚಂದ್ರ

ಮಾಟುಂಗಾ ರಾಯರು: ಈ ವಾರದ ಸಮಸ್ಯೆ ಕಂದಪದ್ಯದ ಕೊನೆಯ ಪಾದ; ಅರ್ಥ ಹೊಂದುವ ಹಾಗೆ ಮೊದಲ ಮೂರು ಪಾದ ನೀವು ಕಟ್ಟಬೇಕು. ಡಕಾರ ಪ್ರಾಸ (ಪ್ರತಿ ಪಾದದ ಎರಡನೇ ಅಕ್ಷರ ಡ), ಮೊದಲಕ್ಷರ ಲಘು.

"ನಡುವಗಲೊಳ್ ಮೂಡಿ ಬಂದನಿಂದು ನಗುತ್ತುಂ"

"ಡಿ ಬಂದ" ಜಗಣ (ಲಘು-ಗುರು-ಲಘು). ಎರಡನೇ ಪಾದದ ಮೂರನೇ ಗಣವೂ ಜಗಣ ಇಲ್ಲವೇ ಸರ್ವಲಘು (ನಾಲ್ಕೂ ಲಘು) ಆಗಬೇಕು. ಅಲ್ಲೇ ಎಲ್ಲರೂ ಎಡವೋದು.

ಡೊಂಬಿವಲಿ:
ಕಡಲಿಂ ಬಂದಾ ಮುಗಿಲೊಳ್
ಬಿಡದೆಂಟುಂ ದಿನಮಡಂಗಿ ಮುಂಬಯಿ ರವಿ ತಾಂ
ಕೊಡೆಯಂ ಮಡಿಸೆ ಜನಂಗಳ್
ನಡುವಗಲೊಳ್ ಮೂಡಿ ಬಂದನಿಂದು ನಗುತ್ತುಂ

ಇಂದು ಅಂದ್ರೆ ಚಂದ್ರನಲ್ಲ, ಇವತ್ತು!

ರಾಯರು: ಭಲೇ, ಚಂದ್ರನ ಗೊಡವೆಯೇ ಇಲ್ಲದೆ ದಾಟಿಬಿಟ್ಟಿರಿ.

ಗೋರೆಗಾಂವ್: "ಪೊಡವಿಗೆ ಪುಣ್ಣಮೆಯಂದುಂ" ಅಂತ ಎತ್ತಿಕೊಂಡೆ, ಮುಂದಕ್ಕೆ ಹೋಗ್ತಿಲ್ಲ.

ಪುಣೆ ಅಕ್ಕ: ಹೋಗೋದೂ ಇಲ್ಲ. ಗಣ ಸರಿ, ಗಗನ ತಪ್ಪು. ಹುಣ್ಣಿಮೆ ಚಂದ್ರ ಹುಟ್ಟೋದು ಸೂರ್ಯ ಮುಳುಗುವಾಗ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಸಂಕಷ್ಟಿಗೆ ರಾತ್ರಿ ಒಂಬತ್ತರ ಆಸುಪಾಸು ಕಾಯ್ತೀವಲ್ಲ, ಅದೇ ಲೆಕ್ಕ. ನಡುಹಗಲಿಗೆ ಹುಟ್ಟುವವನು ಶುಕ್ಲ ಅಷ್ಟಮಿಯವನು. ಸೂರ್ಯನಿಂದ ಚಂದ್ರ ದೂರ ಸರಿಯೋದು ತಿಥಿಗೆ 12 ಭಾಗೆ (ಡಿಗ್ರಿ), ಎಂಟನೆಯದು 84ರಿಂದ 96; ನಡುವೆ ಸರಿಯಾಗಿ 90.

ಅಡಗಿರ್ದಮವಾಸ್ಯೆಯೊಳೇ
ನಡೆದುಂ ತೊಂಬತ್ತು ಭಾಗೆ ಮೂಡಣ ದೆಸೆಗೇ
ಒಡಲರೆಯಷ್ಟೆ ಬೆಳಂಗಲ್
ನಡುವಗಲೊಳ್ ಮೂಡಿ ಬಂದನಿಂದು ನಗುತ್ತುಂ

ಗೋರೆಗಾಂವ್: ಅಕ್ಕಾ, ಹಾಗಾದ್ರೆ ಅಷ್ಟಮಿ ದಿನ ಹನ್ನೆರಡಕ್ಕೆ ತಾರಸಿ ಹತ್ತಿದರೆ ಕಾಣ್ತಾನಾ?

ಪುಣೆ ಅಕ್ಕ: ಇಲ್ಲ. ಗಡಿಯಾರದ ಹೊತ್ತು 82.5 ರೇಖಾಂಶದ್ದು, ಮುಂಬಯಿ ಇರೋದು 73ರ ಹತ್ತಿರ. ಭಾಗೆಗೆ ನಾಲ್ಕು ನಿಮಿಷದಂತೆ ನಿಮ್ಮ ನಡುಹಗಲು ಸುಮಾರು 12:40. ನಮಗೆ ನಾಲ್ಕು ನಿಮಿಷ ಮೊದಲು. ಋತು ನೋಡಿಕೊಂಡು ಉದಯ ಇನ್ನೂ ಅರ್ಧ ಗಂಟೆ ಹಿಂದೆಮುಂದೆ. ಹುಟ್ಟಿದ ಕೂಡಲೇ ದಿಗಂತದ ಧೂಳುಮಂಜು ನುಂಗಿಬಿಡುತ್ತೆ. ಮೂರು ಗಂಟೆ ಮೇಲೆ ಪೂರ್ವಕ್ಕೆ ಹುಡುಕಿ, ಬಿಳಿ ಮೋಡದ ಚೂರಿನ ಹಾಗೆ ಇರ್ತಾನೆ. ಸೂರ್ಯಾಸ್ತಕ್ಕೆ ಬಲಭುಜ ಪಶ್ಚಿಮಕ್ಕೆ ಕೊಟ್ಟು ನಿಂತು ತಲೆಯೆತ್ತಿ. ನೆತ್ತಿಯ ಹತ್ತಿರವೇ ಇರ್ತಾನೆ, ಬೆಳಗಿದ ಅರ್ಧ ಸೂರ್ಯನ ಕಡೆಗೆ.

ಡೊಂಬಿವಲಿ: ಕೃಷ್ಣ ಅಷ್ಟಮಿಗೂ ಅರ್ಧಚಂದ್ರನೇ ಅಲ್ವಾ?

ಪುಣೆ ಅಕ್ಕ: ಅವನು ನಡುರಾತ್ರಿಗೆ ಹುಟ್ಟಿ ನಡುಹಗಲಿಗೆ ನಿಮ್ಮ ಕಡಲಲ್ಲಿ ಮುಳುಗುವವನು. ಅದಕ್ಕೇ ಬರೀ "ಅಷ್ಟಮಿ" ಅನ್ನದೆ ಅಮವಾಸ್ಯೆಯಿಂದ ನಡೆಸಿಕೊಂಡು ಬಂದೆ.

ರಾಯರು: ಒಪ್ಪಿದೆ. ಆದರೆ "ದೆಸೆಗೇ" ಅನ್ನುವಲ್ಲಿ ಏಕಾರ ಮಾತ್ರೆ ತುಂಬೋಕೆ ಬಂದದ್ದು, ಕಣ್ಣಿಗೆ ಬಿತ್ತು ತಾಯೀ.