ಪದಚರ್ಚೆ: ಗಂಡಸರ ಮೈಯಲ್ಲಿರುವ ಪ್ರೊಜೆಸ್ಟೆರಾನ್ ‘ಗರ್ಭಪೋಷಕ’ವೇ?

ಎಲ್ಲರಿಗೂ ನಮಸ್ಕಾರ.

ಗಂಡಸರ ಹಾರ್ಮೋನುಗಳ ಕುರಿತ ಕೈಪಿಡಿಯೊಂದರ ಕನ್ನಡ ಕರಡಿನಲ್ಲಿ ಪ್ರೊಜೆಸ್ಟೆರಾನ್ ಬಂದ ಕಡೆಯಲ್ಲೆಲ್ಲ ‘ಗರ್ಭಪೋಷಕ ಹಾರ್ಮೋನು’ ಎಂದಿದೆ. ಹಾಗಾಗಿ ‘ವೃಷಣಗಳಲ್ಲಿಯೂ ಗರ್ಭಪೋಷಕ ಹಾರ್ಮೋನು ತಯಾರಾಗುತ್ತದೆ’ ಎಂಬ ವಾಕ್ಯ ಎದುರಾಗುತ್ತದೆ. ಇದಕ್ಕೆ ಬೇರೆ ಕನ್ನಡ ಪದ ಇದೆಯೇ? ಮುಂದಿನ ಪುಟದಲ್ಲಿ ಅದೇ ‘ಪ್ರೊಜೆಸ್ಟಿನ್’ ಆಗಿದೆ. ಇದು ಬರೀ ಬರವಣಿಗೆಯ ವ್ಯತ್ಯಾಸವೇ? ಇನ್ನೊಂದು: ಒಂದು ಕಡೆ ಇದು ‘ಟೆಸ್ಟೊಸ್ಟೆರಾನನ್ನು ಹೆಚ್ಚಿಸುತ್ತದೆ’ ಎಂದಿದ್ದರೆ ಮತ್ತೊಂದು ಕಡೆ ‘ತಗ್ಗಿಸುತ್ತದೆ’ ಎಂದಿದೆ. ತಪ್ಪು ಯಾವುದು?

* * *

> ಇದಕ್ಕೆ ಬೇರೆ ಕನ್ನಡ ಪದ ಇದೆಯೇ?

ಹುಡುಕದಿರುವುದೇ ಲೇಸು. 1934ರಲ್ಲಿ ಹಲವು ಪ್ರಯೋಗಾಲಯಗಳು ಈ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಿದವು. ಹೆಸರಿನ ಗೊಂದಲವೂ ಜೊತೆಗೇ ಬಂತು. 1935ರಲ್ಲಿ ಒಮ್ಮತವಾಗಿ ‘ಪ್ರೊಜೆಸ್ಟೆರಾನ್’ ಎಂದಾಯಿತು. ‘ಪ್ರೊ’ ಅಂದರೆ ಪರವಾಗಿ, ‘ಜೆಸ್ಟ್’ ಬಸಿರು ಹೊರುವುದನ್ನು ಸೂಚಿಸುವ ಲ್ಯಾಟಿನ್ ಮೂಲ, ‘ಸ್ಟೆರ್’ ಸ್ಟೆರಾಯ್ಡಿನ ತುಣುಕು, ಕೊನೆಯ ‘ಓನ್’ ಕೀಟೋನ್ ಎಂಬ ರಾಸಾಯನಿಕ ಗುಂಪಿನ ಗುರುತು. ‘ಗರ್ಭಪೋಷಕ’ ಇದರ ಮೊದಲ ಅರ್ಧವನ್ನಷ್ಟೇ ಕನ್ನಡಕ್ಕೆ ತಂದಿದೆ.

ಹೆಸರಿನಲ್ಲಿ ಹಳೆಯ ಅರ್ಥ ಉಳಿಯುವುದು ತಪ್ಪೇನಲ್ಲ. ಎಳ್ಳಿನ ನೆಯ್ಯೇ ‘ಎಣ್ಣೆ’ಯಾದದ್ದು, ಸೀಮೆಎಣ್ಣೆ ಅನ್ನುವಾಗ ಯಾರೂ ಎಳ್ಳನ್ನು ನೆನೆಯುವುದಿಲ್ಲ. ಆದರೆ ಅಲ್ಲಿ ಎಳ್ಳು ಮರೆಯಾಗಿದೆ, ಇಲ್ಲಿ ಗರ್ಭ ಕಣ್ಣಿಗೆ ಹೊಡೆಯುತ್ತದೆ. ‘ಹೆಣ್ತನದ ಹಾರ್ಮೋನು’ ಎಂದರೂ ಸರಿಹೋಗದು. ಗಂಡಸರ ರಕ್ತದಲ್ಲಿ ಇದು ಸಾಮಾನ್ಯವಾಗಿ ಮಿಲಿಲೀಟರಿಗೆ 1 ನ್ಯಾನೊಗ್ರಾಂಗಿಂತ ಕಡಿಮೆ. ಋತುಚಕ್ರದ ಮೊದಲರ್ಧದಲ್ಲಿ ಹೆಂಗಸರಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂಡ ಬಿಡುಗಡೆಯಾದ ಮೇಲಷ್ಟೇ ಅವರಲ್ಲಿ ಅದು ಹಲವು ಪಟ್ಟು ಏರುತ್ತದೆ. ಗಂಡಸರಲ್ಲಿ ಇದರ ಮೂಲ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹೊರಪದರ ಮತ್ತು ವೃಷಣ. ‘ಪ್ರೊಜೆಸ್ಟೆರಾನ್’ ಎಂದೇ ಇಡಿ, ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಡಿ. ‘ಪ್ರೊಜೆಸ್ಟರಾನ್’ಗಿಂತ ಈ ರೂಪ ವಾಸಿ, ಟೆಸ್ಟೊಸ್ಟೆರಾನಿನ ಜೊತೆಗಿರುವ ‘ಸ್ಟೆರಾ’ ನಂಟು ಕಾಣುತ್ತದೆ.

> ಅದೇ ‘ಪ್ರೊಜೆಸ್ಟಿನ್’ ಆಗಿದೆ

ಇದು ಕಾಗುಣಿತದ ಮಾತಲ್ಲ, ಔಷಧಿಯ ಮಾತು. ಪ್ರೊಜೆಸ್ಟೆರಾನ್ ಒಂದೇ ಅಣು, ಮೈಯೊಳಗೆ ಹುಟ್ಟುವಂಥದ್ದು. ಅದರ ಗ್ರಾಹಿಯನ್ನು (ಜೀವಕೋಶದಲ್ಲಿ ಹಾರ್ಮೋನು ಬಂದು ಅಂಟಿಕೊಳ್ಳುವ ಪ್ರೋಟೀನು) ಕೆರಳಿಸುವ ವಸ್ತುಗಳಿಗೆಲ್ಲ ಕುಲನಾಮ ‘ಪ್ರೊಜೆಸ್ಟೊಜೆನ್’. ಅದರೊಳಗೆ ಕೃತಕವಾಗಿ ತಯಾರಿಸಿದವು ‘ಪ್ರೊಜೆಸ್ಟಿನ್’. ಒಂದೊಂದು ಪ್ರೊಜೆಸ್ಟಿನ್ನಿನ ಗುಣವೂ ಬೇರೆ. ಸೈಪ್ರೊಟೆರಾನ್ ಅಸಿಟೇಟ್ ಆಂಡ್ರೊಜೆನ್ (ಟೆಸ್ಟೊಸ್ಟೆರಾನಿನಂಥ ಗಂಡು ಹಾರ್ಮೋನು) ಗ್ರಾಹಿಯನ್ನೇ ಅಡ್ಡಗಟ್ಟುತ್ತದೆ, ಹಾಗಾಗಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಬಳಕೆಯಾಗಿದೆ. ಲೆವೊನಾರ್ಜೆಸ್ಟ್ರೆಲ್‌ಗೆ ಇದಕ್ಕೆ ತದ್ವಿರುದ್ಧವಾಗಿ ಸ್ವಲ್ಪ ಆಂಡ್ರೊಜೆನ್ ಗುಣವೇ ಇದೆ. ಹಸಿವು ಹೆಚ್ಚಿಸಲು ಕೊಡುವ ಮೆಜೆಸ್ಟ್ರಾಲ್ ಅಸಿಟೇಟ್ ಗಂಡಸರ ಟೆಸ್ಟೊಸ್ಟೆರಾನನ್ನು ಇಳಿಸಬಲ್ಲದು, ಅಡ್ರಿನಲ್ ಗ್ರಂಥಿಯನ್ನೂ ಮಂಕಾಗಿಸಬಲ್ಲದು. ಬಹುದಿನ ತೆಗೆದುಕೊಂಡು ದಿಢೀರನೆ ನಿಲ್ಲಿಸಿದರೆ ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಕೊರತೆಯಾಗುವ ಅಪಾಯವಿದೆ. ‘ಪ್ರೊಜೆಸ್ಟೆರಾನ್ ಗಂಡಸರ ಕಾಮಾಸಕ್ತಿ ತಗ್ಗಿಸುತ್ತದೆ’ ಎಂಬ ವಾಕ್ಯ ಸಿಕ್ಕರೆ ಮೂಲದಲ್ಲಿ ಯಾವ ಔಷಧಿಯ ಹೆಸರಿದೆ ಎಂದು ನೋಡಿ. ಅದು ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅಸಿಟೇಟ್ ಆಗಿದ್ದು, ಹೆಸರು ಉದ್ದವೆಂದು ಯಾರೋ ಬಾಲವನ್ನಷ್ಟೇ ಉಳಿಸಿಕೊಂಡಿರಬಹುದು.

ಇಂಥದ್ದೇ ಕತ್ತರಿ ಪ್ರಯೋಗ ‘17-ಹೈಡ್ರಾಕ್ಸಿಪ್ರೊಜೆಸ್ಟೆರಾನ್’ ಮೇಲೂ ನಡೆಯುತ್ತದೆ. ಅದು ಬೇರೆಯದೇ ವಸ್ತು, ಬೇರೆಯದೇ ಪರೀಕ್ಷೆ. 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಕೊರತೆಯಿಂದ ಬರುವ ಹುಟ್ಟಿನಿಂದಲೇ ಇರುವ ಅಡ್ರಿನಲ್ ಕಾಯಿಲೆಯನ್ನು ಪತ್ತೆಹಚ್ಚಲು ಅದನ್ನು ಅಳೆಯುತ್ತಾರೆ. ಮುಂದಿನ ‘17-ಹೈಡ್ರಾಕ್ಸಿ’ ಬಿಟ್ಟುಹೋದರೆ ಓದುಗ ತಪ್ಪು ಪರೀಕ್ಷೆ ಮಾಡಿಸಿಕೊಂಡು ಬರುತ್ತಾನೆ. ಏಕಮಾನವನ್ನೂ ಬಿಡಬೇಡಿ: ಪ್ರೊಜೆಸ್ಟೆರಾನಿಗೆ ಮಿಲಿಲೀಟರಿಗೆ 1 ನ್ಯಾನೊಗ್ರಾಂ ಎಂದರೆ ಲೀಟರಿಗೆ ಸುಮಾರು 3.18 ನ್ಯಾನೊಮೋಲ್. ಎರಡನ್ನು ಬೆರೆಸಿದರೆ ಸರಿಯಿದ್ದ ಗಂಡಸಿಗೂ ‘ಮೂರುಪಟ್ಟು ಹೆಚ್ಚು’ ಎಂಬ ಹಣೆಪಟ್ಟಿ ಬೀಳುತ್ತದೆ.

> ‘ಹೆಚ್ಚಿಸುತ್ತದೆ’... ‘ತಗ್ಗಿಸುತ್ತದೆ’

‘ಹೆಚ್ಚಿಸುತ್ತದೆ’ ತಪ್ಪು. ಮೂಲದಲ್ಲಿ ಬಹುಶಃ ‘ಪೂರ್ವಗಾಮಿ’ ಎಂಬರ್ಥದ ಪದವಿತ್ತು. 27 ಇಂಗಾಲದ ಕೊಲೆಸ್ಟರಾಲ್ ಕತ್ತರಿಸಿ 21 ಇಂಗಾಲದ ಪ್ರೆಗ್ನೆನೊಲೋನ್ ಆಗುತ್ತದೆ, ಅದರಿಂದ ಪ್ರೊಜೆಸ್ಟೆರಾನ್, ಆಮೇಲೆ 17-ಹೈಡ್ರಾಕ್ಸಿಪ್ರೊಜೆಸ್ಟೆರಾನ್, ಆಂಡ್ರೊಸ್ಟೆನಿಡಯೋನ್, ಕೊನೆಗೆ 19 ಇಂಗಾಲದ ಟೆಸ್ಟೊಸ್ಟೆರಾನ್. ಮನುಷ್ಯರ ವೃಷಣ ಹೆಚ್ಚಾಗಿ ಹಿಡಿಯುವುದು ಡಿಎಚ್‌ಇಎ ಎಂಬ ಇನ್ನೊಂದು ಹಾರ್ಮೋನಿನ ಮೂಲಕ ಹೋಗುವ ಪಕ್ಕದ ದಾರಿ. ಅಂದರೆ ಇದು ಒಂದು ಮೆಟ್ಟಿಲು, ಅದೂ ಎಲ್ಲರೂ ತುಳಿಯುವ ಮೆಟ್ಟಿಲಲ್ಲ. ‘ಕಚ್ಚಾವಸ್ತು’ ಎಂದರೆ ಹೆಚ್ಚು ಸುರಿದಷ್ಟೂ ಸರಕು ಹೆಚ್ಚು ಬರುತ್ತದೆ ಅನ್ನಿಸುತ್ತದೆ. ‘ಪೂರ್ವಗಾಮಿ’ ಒಣಕಲಾದರೂ ಸುಳ್ಳು ಹೇಳುವುದಿಲ್ಲ.

ಔಷಧಿಯ ಪ್ರಮಾಣದಲ್ಲಿ ಹೊರಗಿನಿಂದ ಕೊಟ್ಟಾಗ ನಡೆಯುವುದೇ ಬೇರೆ. ಮಿದುಳಿನಲ್ಲಿರುವ ಹೈಪೊಥಲಾಮಸ್‌ನಿಂದ ಬರುವ ಸಂಕೇತದ ಮಿಡಿತ ಇಳಿಯುತ್ತದೆ, ಅದರ ಅಡಿಯ ಪಿಟ್ಯುಟರಿ ಗ್ರಂಥಿ ವೃಷಣವನ್ನು ಕೆಲಸಕ್ಕೆ ಹಚ್ಚಲು ಕಳಿಸುವ ಹಾರ್ಮೋನುಗಳಾದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಇಳಿಯುತ್ತವೆ, ವೃಷಣದ ಟೆಸ್ಟೊಸ್ಟೆರಾನ್ ಮತ್ತು ವೀರ್ಯಾಣು ಉತ್ಪಾದನೆ ಎರಡೂ ಕುಗ್ಗುತ್ತವೆ. ಗಂಡಸರ ಗರ್ಭನಿರೋಧಕ ಜೆಲ್ಲಿನ ಪ್ರಯೋಗಗಳು ನಿಂತಿರುವುದು ಇದರ ಮೇಲೆಯೇ. ಅದರಲ್ಲಿ ಸೆಜೆಸ್ಟೆರಾನ್ ಅಸಿಟೇಟ್ ಎಂಬ ಪ್ರೊಜೆಸ್ಟಿನ್ ಜೊತೆಗೆ ಟೆಸ್ಟೊಸ್ಟೆರಾನನ್ನೂ ಬೆರೆಸಿರುತ್ತಾರೆ, ಇಲ್ಲದಿದ್ದರೆ ರಕ್ತದಲ್ಲಿ ಅದು ಬರಿದಾಗಿ ಕಾಮಾಸಕ್ತಿ, ಸ್ನಾಯುಬಲ ಕುಸಿಯುತ್ತವೆ. ವೀರ್ಯಾಣು ಬೆಳೆದು ಸಿದ್ಧವಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಪರಿಣಾಮ ಕಾಣಲೂ ಮರಳಿ ಸರಿಹೋಗಲೂ ತಿಂಗಳುಗಳೇ ಬೇಕು. ‘ಕೂಡಲೇ’ ಎಂಬ ಪದ ಆ ಪ್ಯಾರಾದಲ್ಲಿದ್ದರೆ ತೆಗೆದುಹಾಕಿ.

* * *

ಮೇಲಿನದಕ್ಕೆ ಸೇರಿಸಬೇಕಾದ ಒಂದು ಮಾತು. ಕರಡಿನಲ್ಲಿ ‘ಪ್ರೊಜೆಸ್ಟೆರಾನ್ ವೀರ್ಯಾಣುವಿನ ಚಲನೆಯನ್ನು ಚುರುಕುಗೊಳಿಸುತ್ತದೆ’ ಎಂದೂ ಇರಬೇಕು, ಸಾಮಾನ್ಯವಾಗಿ ಇರುತ್ತದೆ. ಸಂಗತಿ ನಿಜ, ಆದರೆ ಆ ಪ್ರೊಜೆಸ್ಟೆರಾನ್ ಗಂಡಸಿನದಲ್ಲ. ಅಂಡವನ್ನು ಸುತ್ತುವರಿದ ಜೀವಕೋಶಗಳು ಅದನ್ನು ಸುರಿಸುತ್ತವೆ. ವೀರ್ಯಾಣುವಿನ ಬಾಲದಲ್ಲಿರುವ ಕ್ಯಾಟ್‌ಸ್ಪರ್ ಎಂಬ ಕಾಲುವೆ ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಬಾಲದ ಬಡಿತ ಬಿರುಸಾಗುತ್ತದೆ. 2011ರಲ್ಲಿ ಇದು ಸ್ಪಷ್ಟವಾಯಿತು. ಜೀನುಗಳನ್ನು ಎಬ್ಬಿಸುವ ಗಂಟೆಗಟ್ಟಲೆಯ ಕೆಲಸವಲ್ಲ, ಕ್ಷಣಗಳಲ್ಲಿ ಆಗುವಂಥದ್ದು. ‘ಅಂಡದ ಬಳಿ’ ಎಂಬ ಎರಡು ಪದ ಸೇರಿಸದಿದ್ದರೆ ಮಕ್ಕಳಾಗಲೆಂದು ಗಂಡಸೇ ಮಾತ್ರೆ ನುಂಗಿ ವೀರ್ಯಾಣು ಸಂಖ್ಯೆ ಇಳಿಸಿಕೊಂಡಾನು. ಆ ಸ್ಥಿತಿಗೆ ‘ಅತಿಚಟುವಟಿಕೆ’ ಎನ್ನದೆ ‘ಬಿರುಸು ಬಡಿತ’ ಎನ್ನಿ. ಮೊದಲನೆಯದನ್ನು ಮಕ್ಕಳ ವರ್ತನೆಯ ಬಗ್ಗೆ ಬರೆಯುವವರು ಆಗಲೇ ಹಿಡಿದಿಟ್ಟುಕೊಂಡಿದ್ದಾರೆ.

‘ಗ್ರಾಹಕ’ವೂ ಬೇಡ, ‘ಗ್ರಾಹಿ’ ಇರಲಿ. ‘ಗ್ರಾಹಕರಿಗೆ ಪ್ರೊಜೆಸ್ಟೆರಾನ್ ಅಂಟಿಕೊಳ್ಳುತ್ತದೆ’ ಎಂದರೆ ಅಂಗಡಿಯ ಮುಂದೆ ಏನೋ ಚೆಲ್ಲಿದಂತಿದೆ.

ಕರಡಿನ ಆ ಎರಡು ವಾಕ್ಯಗಳನ್ನು ಹೀಗೆ ತಿದ್ದಬಹುದು: ‘ಗಂಡಸರ ಅಡ್ರಿನಲ್ ಗ್ರಂಥಿ ಮತ್ತು ವೃಷಣಗಳಲ್ಲಿ ಹುಟ್ಟುವ ಅಲ್ಪ ಪ್ರೊಜೆಸ್ಟೆರಾನ್, ಟೆಸ್ಟೊಸ್ಟೆರಾನಿನ ಪೂರ್ವಗಾಮಿಗಳಲ್ಲಿ ಒಂದು. ಪ್ರೊಜೆಸ್ಟೊಜೆನ್ನುಗಳನ್ನು ಔಷಧಿಯಾಗಿ ಕೊಟ್ಟಾಗ ಎಲ್‌ಎಚ್ ಇಳಿದು ವೃಷಣದ ಟೆಸ್ಟೊಸ್ಟೆರಾನ್ ಕುಗ್ಗುತ್ತದೆ.’